ಹಳ್ಳದ ದಂಡೆಯನ್ನು ಉಳಿಸಿಕೊಡಿ: ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಬೆಳೆಗಾರರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಬೆಳೆಗಾರ ಬಂಧುಗಳೇ, ಹಿರಿಯರೇ,



ನಾನು ಕೊಪ್ಪ ತಾಲ್ಲೂಕಿನ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿ ಬೆಳೆದವಳು. ಪರಿಸರ ವಿಜ್ಞಾನ ಓದಿ, ಈಗ ನಮ್ಮ ಮೂರು ತಾಲ್ಲೂಕುಗಳ ಹಳ್ಳಗಳಲ್ಲಿ ಕಪ್ಪೆಗಳ ಬದುಕನ್ನು ಅಧ್ಯಯನ ಮಾಡುತ್ತಿದ್ದೇನೆ. ಕಾಡು, ಪ್ರಾಣಿ, ಮಳೆ ಎಂಬ ಮಾತು ಬಂದರೆ ಪತ್ರಗಳು ಸಾಮಾನ್ಯವಾಗಿ ವಿಧಾನಸೌಧಕ್ಕೋ ಅರಣ್ಯ ಇಲಾಖೆಗೋ ಹೋಗುತ್ತವೆ. ನಾನು ನಿಮಗೆ ಬರೆಯುತ್ತಿದ್ದೇನೆ. ಕುದುರೆಮುಖದ ಕಾಡಿಗೂ ಭದ್ರಾ ಅಭಯಾರಣ್ಯಕ್ಕೂ ನಡುವೆ ಇರುವ ಈ ನೆಲದ ಹಣೆಬರಹ ಬಹುಮಟ್ಟಿಗೆ ತೀರ್ಮಾನವಾಗುವುದು ನಿಮ್ಮ ಮನೆಯ ಜಗಲಿಯ ಮೇಲೆ. ಈ ಬೇಸಿಗೆಗೆ ಹಳ್ಳಕ್ಕೆ ಜೆಸಿಬಿ ಇಳಿಸುವುದೋ ಬೇಡವೋ, ಸೊಪ್ಪಿನಬೆಟ್ಟದ ಮರ ಇರಲೋ ಹೋಗಲೋ, ಕೆಳಗಿನ ಗದ್ದೆಗೂ ಅಡಿಕೆ ಸಸಿ ಇಡುವುದೋ ಎಂದು ನೀವು ಮನೆಮಂದಿಯೆಲ್ಲ ಕೂತು ಮಾತಾಡುತ್ತೀರಲ್ಲ, ಆ ಮಾತಿಗೆ ಯಾವ ಸರ್ಕಾರಿ ಆದೇಶಕ್ಕಿಂತಲೂ ಹೆಚ್ಚಿನ ಬಲವಿದೆ. ಆ ಮಾತುಕತೆಯಲ್ಲಿ ನನಗೂ ಸ್ವಲ್ಪ ಜಾಗ ಕೊಡಿ ಎಂದು ಕೇಳಲು ಈ ಪತ್ರ.

ಮೊದಲಿಗೆ ಒಂದು ಮಾತು. ಪರಿಸರದ ಹೆಸರೆತ್ತಿದರೆ ನಮ್ಮ ಕಡೆ ಅನೇಕರಿಗೆ ಸಿಟ್ಟು ಬರುತ್ತದೆ. ಆ ಸಿಟ್ಟಿಗೆ ಕಾರಣಗಳಿವೆ, ಅವು ನನಗೆ ಗೊತ್ತು. ಹಳದಿ ಎಲೆ ರೋಗ ಶೃಂಗೇರಿ, ಕೊಪ್ಪ ಕಡೆಯ ತೋಟಗಳನ್ನು ದಶಕಗಳಿಂದ ತಿನ್ನುತ್ತ ಬಂದಿದೆ. ಅದರ ಮೇಲೆ 2022ರಲ್ಲಿ ಎಲೆಚುಕ್ಕಿ ರೋಗ ಉಲ್ಬಣಿಸಿತು. ಕೊನೆಗಾರರು ಸಿಗುವುದಿಲ್ಲ, ಸಿಕ್ಕಿದ ದಿನ ಮಳೆ ಬಿಡುವುದಿಲ್ಲ. ಅಜ್ಜನ ಕಾಲದಿಂದ ಉತ್ತು ಬಿತ್ತಿದ ಜಾಗಕ್ಕೆ ಅರಣ್ಯ ಕಾಯ್ದೆಯ ಸೆಕ್ಷನ್ 4ರ ನೋಟಿಸು ಬರುತ್ತದೆ. ಡೀಮ್ಡ್ ಅರಣ್ಯವೆಂಬ ಹೆಸರಿನಲ್ಲಿ ಮನೆಯಂಗಳದವರೆಗೂ ಗೆರೆ ಎಳೆಯುತ್ತಾರೆ. ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶಗಳನ್ನು ಗುರುತಿಸಿದ ಕಸ್ತೂರಿರಂಗನ್ ವರದಿಯ ಪಟ್ಟಿಯಲ್ಲಿ ನಮ್ಮ ಜಿಲ್ಲೆಯ 147 ಹಳ್ಳಿಗಳ ಹೆಸರಿದೆ ಎಂದು ಗೊತ್ತಾದ ದಿನದಿಂದ ಪ್ರತಿ ಕರಡು ಅಧಿಸೂಚನೆಗೂ ಎದೆ ಹೊಡೆದುಕೊಳ್ಳುತ್ತದೆ. ಇದನ್ನೆಲ್ಲ ಅನುಭವಿಸದ ಯಾರೋ ದೂರದಿಂದ ಬಂದು ಕಾಡು ಉಳಿಸಿ ಎಂದು ಪಾಠ ಹೇಳಿದರೆ ಕಿವಿಗೆ ಹಿತವಾಗುವುದಿಲ್ಲ. ನಾನು ನಿಮ್ಮ ನಡುವಿನವಳು. ತೋಟದ ಸಾಲದ ಕಂತು ನಮ್ಮ ಮನೆಯಲ್ಲೂ ಕಟ್ಟಬೇಕು. ಆ ನೆಲೆಯಲ್ಲಿ ನಿಂತೇ ಮಾತಾಡುತ್ತಿದ್ದೇನೆ.

ಕಪ್ಪೆಯನ್ನೇ ಏಕೆ ನೋಡುತ್ತೀಯಮ್ಮ ಎಂದು ಅನೇಕರು ಕೇಳಿದ್ದಾರೆ. ಕಪ್ಪೆಯ ಚರ್ಮ ತೆಳು. ಬೇಕಾದ ನೀರನ್ನೆಲ್ಲ ಅದು ಚರ್ಮದಿಂದಲೇ ಹೀರುತ್ತದೆ, ಉಸಿರಾಟದ ಒಂದು ಪಾಲೂ ಚರ್ಮದ ಮೂಲಕವೇ. ಅದರ ಮೊಟ್ಟೆಗೆ ಚಿಪ್ಪಿಲ್ಲ. ಹಾಗಾಗಿ ನೀರಿಗೆ ಏನು ಬೆರೆತರೂ, ಗಾಳಿಯ ತೇವ ಎಷ್ಟು ಕಡಿಮೆಯಾದರೂ ಮೊದಲ ಪೆಟ್ಟು ಬೀಳುವುದು ಅದಕ್ಕೆ. 2023ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆಯ ಪ್ರಕಾರ ಕಪ್ಪೆಯೂ ಸೇರಿದಂತೆ ಪ್ರಪಂಚದ ಉಭಯಚರಗಳಲ್ಲಿ ಶೇ 41ರಷ್ಟು ಜಾತಿಗಳು ಅಳಿವಿನ ಅಂಚಿನಲ್ಲಿವೆ. ಈಚಿನ ವರ್ಷಗಳಲ್ಲಿ ಹವಾಮಾನ ಬದಲಾವಣೆ ಅವುಗಳ ದೊಡ್ಡ ಶತ್ರುವಾಗಿದೆ. ಪಶ್ಚಿಮ ಘಟ್ಟದ ಕಪ್ಪೆಗಳಲ್ಲಿ ಬಹುಪಾಲು ಜಾತಿಗಳು ಪ್ರಪಂಚದ ಬೇರೆಲ್ಲೂ ಇಲ್ಲ. ನಮ್ಮ ಜಿಲ್ಲೆಯ ಕೊಟ್ಟಿಗೆಹಾರದ ಹೆಸರು ಹೊತ್ತ ಕುಣಿಯುವ ಕಪ್ಪೆಯೊಂದಿದೆ. ಹರಿಯುವ ಹಳ್ಳದ ಸದ್ದಿನಲ್ಲಿ ತನ್ನ ಕೂಗು ಕೇಳದೆಂದು ಗಂಡು ಕಪ್ಪೆ ಹಿಂಗಾಲು ಚಾಚಿ ಸಂಜ್ಞೆ ಮಾಡುತ್ತದೆ. ಅದಕ್ಕೆ ಬೇಕಾದದ್ದು ನೆರಳಿರುವ, ಬತ್ತದೆ ಹರಿಯುವ ಸಣ್ಣ ಹಳ್ಳ. ಅಂಥ ಹಳ್ಳಗಳು ಇರುವುದು ನಿಮ್ಮ ತೋಟದ ತಲೆಯಲ್ಲಿ.

ನೀವೂ ನೋಡಿರುವ ಒಂದನ್ನು ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ. ಮುಂಗಾರು ಕಟ್ಟಿಕೊಂಡ ಮೇಲೆ ತೋಟದ ಕೆರೆಯ ಮೇಲೆ ಬಾಗಿದ ಕೊಂಬೆಯಲ್ಲಿ ಬಿಳಿ ನೊರೆಯ ಉಂಡೆ ಅಂಟಿಕೊಂಡಿರುತ್ತದೆ. ಅದು ಹಸಿರು ಮೈ, ಕೆಂಪು ಜಾಲಪಾದದ ಹಾರುವ ಕಪ್ಪೆಯ ಗೂಡು. ಹೆಣ್ಣು ತನ್ನ ಮೈಯಿಂದ ಬಂದ ಅಂಟನ್ನು ಹಿಂಗಾಲಿನಲ್ಲಿ ಕಡೆದು ಕಡೆದು ನೊರೆ ಎಬ್ಬಿಸಿ, ಅದರೊಳಗೆ ಮೊಟ್ಟೆ ಇಡುತ್ತದೆ. ಸುತ್ತಲ ಎಲೆಗಳನ್ನು ಅದಕ್ಕೆ ಅಂಟಿಸಿ ಮುಚ್ಚುತ್ತದೆ. ಹೊರಪದರ ಒಣಗಿ ಗಟ್ಟಿಯಾಗುತ್ತದೆ, ಒಳಗೆ ಮಾತ್ರ ತೇವ ಉಳಿಯುತ್ತದೆ. ಸುಮಾರು ಒಂದು ವಾರಕ್ಕೆ ಮೊಟ್ಟೆ ಒಡೆದು, ನೊರೆ ಕರಗಿ, ಮರಿಗಳು ಒಂದೊಂದಾಗಿ ಕೆಳಗಿನ ನೀರಿಗೆ ಉದುರುತ್ತವೆ. ಈ ವಾರವಿಡೀ ಮಳೆ ಹಿಡಿದು ಹೊಡೆದರೂ ಅಪಾಯ, ಮಳೆ ಕೈಕೊಟ್ಟು ಬಿಸಿಲು ಕಾದರೂ ಅಪಾಯ. ಮೃಗಶಿರ, ಆರಿದ್ರಾ ಮಳೆ ತಮ್ಮ ಹದದಲ್ಲಿ ಬರುತ್ತವೆ ಎಂಬ ನಂಬಿಕೆಯ ಮೇಲೆಯೇ ಆ ಗೂಡು ನಿಂತಿದೆ. ಒಣಗಿ ಬಿರುಕುಬಿಟ್ಟ ಗೂಡುಗಳನ್ನೂ ನಾನು ಕೊಂಬೆಗಳಲ್ಲಿ ನೋಡಿದ್ದೇನೆ. ಒಳಗೆ ಮೊಟ್ಟೆಗಳು ಕಂದು ಬಣ್ಣಕ್ಕೆ ತಿರುಗಿ ಒಂದಕ್ಕೊಂದು ಅಂಟಿಕೊಂಡಿದ್ದವು.

ಮಳೆ ತನ್ನ ಹದ ತಪ್ಪಿದೆ ಎಂಬುದನ್ನು ನಿಮಗೆ ನಾನು ಹೇಳಬೇಕಿಲ್ಲ. 2019ರ ಜೂನ್‌ನಲ್ಲಿ ಮಳೆ ಇಲ್ಲವೆಂದು ರಾಜ್ಯದ ಸಚಿವರು ಕಿಗ್ಗದ ಋಷ್ಯಶೃಂಗೇಶ್ವರನ ಸನ್ನಿಧಿಗೆ ಬಂದು ಪೂಜೆ ಮಾಡಿಸಿದ್ದರು. ಅದೇ ವರ್ಷದ ಆಗಸ್ಟ್‌ನಲ್ಲಿ ಸುರಿದ ಮಳೆಗೆ ಮೂಡಿಗೆರೆ ಕಡೆ ಗುಡ್ಡಗಳು ಕುಸಿದು ತೋಟಗಳ ಮೇಲೆ ಬಂದವು. ಒಂದೇ ಮಳೆಗಾಲದಲ್ಲಿ ಬರವೂ ನೆರೆಯೂ. 2023ರಲ್ಲಿ ಮತ್ತೆ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು. ಮರುವರ್ಷ 2024ರ ಜುಲೈನಲ್ಲಿ ನೆರೆಯ ವಯನಾಡಿನಲ್ಲಿ ಒಂದೇ ರಾತ್ರಿಗೆ ಊರುಗಳೇ ಕೊಚ್ಚಿಹೋದವು. ತುಂಗೆ ಉಕ್ಕಿದಾಗಲೆಲ್ಲ ಶೃಂಗೇರಿಯಲ್ಲಿ ಕಪ್ಪೆ ಶಂಕರನ ಗುಡಿ ಮುಳುಗುತ್ತದೆ, ಗಾಂಧಿ ಮೈದಾನಕ್ಕೆ ನೀರು ನುಗ್ಗುತ್ತದೆ. ಅದೇ ತುಂಗೆ ಏಪ್ರಿಲ್‌ನಲ್ಲಿ ಬಂಡೆಗಳ ನಡುವೆ ಎಳೆ ಎಳೆಯಾಗಿ ಹರಿಯುತ್ತದೆ.

ಇದರ ಹಿಂದಿರುವ ಕಾರಣ ತೀರ ಗೂಢವಾದದ್ದಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದುಕೊಳ್ಳುತ್ತದೆ. ಅರಬ್ಬೀ ಸಮುದ್ರ ವರ್ಷದಿಂದ ವರ್ಷಕ್ಕೆ ಕಾಯುತ್ತಿದೆ. ಹೆಚ್ಚು ನೀರಾವಿ ಹೊತ್ತ ಗಾಳಿ ಘಟ್ಟಕ್ಕೆ ಬಡಿದಾಗ ಹನಿಹನಿಯಾಗಿ ತಿಂಗಳಿಡೀ ಬೀಳಬೇಕಾದ ಮಳೆ ಎರಡು ಮೂರು ದಿನಕ್ಕೆ ಸುರಿದು ಮುಗಿಯುತ್ತದೆ. ಆಮೇಲೆ ಬಹಳ ದಿನ ಬಿಡುವು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದಂತೆ, 1950ರಿಂದ 2015ರ ನಡುವೆ ಮಧ್ಯ ಭಾರತದಲ್ಲಿ ವ್ಯಾಪಕ ಅತಿವೃಷ್ಟಿಯ ಪ್ರಸಂಗಗಳು ಮೂರು ಪಟ್ಟು ಹೆಚ್ಚಿವೆ. ವಯನಾಡಿನ ಆ ಮಳೆಯನ್ನು ಪರಿಶೀಲಿಸಿದ ವಿಜ್ಞಾನಿಗಳು, ಭೂಮಿ ಬಿಸಿಯಾದದ್ದರಿಂದ ಅದರ ಬಿರುಸು ಸುಮಾರು ಶೇ 10ರಷ್ಟು ಹೆಚ್ಚಿತ್ತು ಎಂದು ಲೆಕ್ಕ ಹಾಕಿದ್ದಾರೆ.

ಈ ಹವಾಮಾನ ಕಪ್ಪೆಯ ಗೂಡಿಗೆ ಎಷ್ಟು ಕೆಡುಕೋ ಅಡಿಕೆ ಗೊನೆಗೂ ಅಷ್ಟೇ ಕೆಡುಕು. ಬಿಡದ ಮಳೆ, ನಡುವೆ ಸ್ವಲ್ಪ ಬಿಸಿಲು, ಮತ್ತೆ ಮಳೆ ಎಂದಾದರೆ ಕೊಳೆ ಹಬ್ಬುತ್ತದೆ. ನೂರು ವರ್ಷಕ್ಕೂ ಹಿಂದೆ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಲ್ಲಿ ಕೊಳೆರೋಗದ ಅಧ್ಯಯನ ಮಾಡಿ, ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣವನ್ನು ರೂಢಿಗೆ ತಂದರು. ಇಂದಿಗೂ ನಾವು ಅದನ್ನೇ ಹೊಡೆಯುತ್ತೇವೆ. ಆದರೆ ಔಷಧಿ ಒಣಗಲು ಬೇಕಾದ ಬಿಡುವನ್ನೇ ಮಳೆ ಕೊಡದಿದ್ದರೆ ಎಷ್ಟು ಸಲ ಹೊಡೆದರೂ ಫಲವಿಲ್ಲ. ಎಲೆಚುಕ್ಕಿಯ ಶಿಲೀಂಧ್ರಕ್ಕೂ ಬೇಕಾದದ್ದು ಒದ್ದೆ ಎಲೆ, ಮಳೆಹನಿಯ ಸಿಡಿತ. ಕಾಫಿಯವರಿಗೆ ಹೂಮಳೆ ಸಮಯಕ್ಕೆ ಬರುವುದಿಲ್ಲ, ಹಣ್ಣು ಒಣಗಿಸುವಾಗ ಬೇಡದ ಮಳೆ ಬರುತ್ತದೆ. ಕಪ್ಪೆಯ ಕಷ್ಟವೂ ನಿಮ್ಮ ಕಷ್ಟವೂ ಹುಟ್ಟುತ್ತಿರುವುದು ಒಂದೇ ಮಳೆಯಿಂದ. ಅವನ್ನು ಬೇರೆ ಬೇರೆ ಕಡತಗಳಲ್ಲಿ ಇಟ್ಟು ನೋಡುವುದನ್ನು ನಾವು ಬಿಡಬೇಕು.

ಹಾಗಾದರೆ ಮಾಡುವುದೇನು? ಆಕಾಶದಿಂದ ಬೀಳುವುದು ನಮ್ಮ ಕೈಯಲ್ಲಿಲ್ಲ. ಬಿದ್ದ ನೀರು ನಮ್ಮ ಗುಡ್ಡದಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಮಾತ್ರ ಬಹಳ ಮಟ್ಟಿಗೆ ನಮ್ಮ ಕೈಯಲ್ಲಿದೆ. ಅದನ್ನು ನಿಲ್ಲಿಸುವ ಮೂರು ಜಾಗಗಳು ಪ್ರತಿ ಮನೆಯ ಸುತ್ತಲೂ ಇವೆ: ಮೇಲೆ ಸೊಪ್ಪಿನಬೆಟ್ಟ, ನಡುವೆ ಹಳ್ಳದ ದಂಡೆ, ಕೆಳಗೆ ಗದ್ದೆ. ಸೊಪ್ಪಿನಬೆಟ್ಟದ ದರಗಿನ ಹಾಸು ಮಳೆಯ ಹೊಡೆತ ತಡೆದು ನೀರನ್ನು ಮಣ್ಣಿಗೆ ಇಳಿಸುತ್ತದೆ. ದಂಡೆಯ ಮರಗಳ ಬೇರು ಹಳ್ಳದ ವೇಗ ಮುರಿಯುತ್ತದೆ, ನೆರಳು ನೀರನ್ನು ತಂಪಾಗಿಡುತ್ತದೆ. ಗದ್ದೆಯಲ್ಲಿ ತಿಂಗಳುಗಟ್ಟಲೆ ನಿಂತ ನೀರು ಇಂಗಿ ಬಾವಿಗೆ ಬರುತ್ತದೆ. ಮೊದಲ ಮಳೆಗೆ ಹತ್ತುಮೀನು ಹೊಳೆಯಿಂದ ಹಳ್ಳ ಹತ್ತಿ ಮೊಟ್ಟೆ ಇಡಲು ಹುಡುಕುವುದೂ ಇದೇ ಗದ್ದೆಯ ನೀರನ್ನು. ಕಳೆದ ಕೆಲವು ದಶಕಗಳಲ್ಲಿ ನಮ್ಮಲ್ಲಿ ಅತಿ ವೇಗವಾಗಿ ಬದಲಾಗಿರುವುದು ಈ ಮೂರೇ.

ನಾನು ಕೆಲಸ ಮಾಡುವ ಎರಡು ಹಳ್ಳಗಳು ಒಂದೇ ಗುಡ್ಡದ ಎರಡು ಮಗ್ಗುಲಲ್ಲಿ ಇಳಿಯುತ್ತವೆ. ಒಂದರ ದಂಡೆಯಲ್ಲಿ ಹೊಳೆಮತ್ತಿ, ನೇರಳೆ, ಬಗನಿ, ಒಂದು ಹಳೆಯ ಅಪ್ಪೆಮಿಡಿ ಮರ, ನೀರಂಚಿಗೆ ಮುಂಡುಗದ ಹಿಂಡು ಇದೆ. ಇನ್ನೊಂದನ್ನು ಜೆಸಿಬಿ ಇಳಿಸಿ ನೇರ ಮಾಡಲಾಗಿದೆ. ದಂಡೆಗೆ ಕಳೆನಾಶಕ ಹೊಡೆದು ನೀರಂಚಿನವರೆಗೂ ಸಸಿ ನೆಟ್ಟಿದ್ದಾರೆ. ಮಾರ್ಚ್ ತಿಂಗಳಲ್ಲಿ ಮೊದಲನೆಯದರಲ್ಲಿ ಕಲ್ಲಿನ ಸಂದಿಯಿಂದ ಸಂದಿಗೆ ನೀರು ಸರಿಯುವ ಸದ್ದು ಕೇಳುತ್ತದೆ. ಕಲ್ಲು ಎತ್ತಿದರೆ ಏಡಿ, ನೀರಹುಳ, ದೊಡ್ಡ ಕಣ್ಣಿನ ಇರುಳು ಕಪ್ಪೆ ಸಿಗುತ್ತವೆ. ಎರಡನೆಯದರಲ್ಲಿ ಅಲ್ಲಲ್ಲಿ ಗುಂಡಿಗಳು ಮಾತ್ರ ಉಳಿದಿರುತ್ತವೆ, ಅವುಗಳ ಮೇಲೆ ಹಸಿರು ಪಾಚಿ. ಮಳೆಗಾಲದಲ್ಲಿ ಅದೇ ಹಳ್ಳ ಕೆಂಪಗೆ ಹರಿದು, ನೇರ ಮಾಡಿದ ದಂಡೆಯನ್ನೇ ಕೊರೆದು, ಅಂಚಿನ ಸಸಿಗಳನ್ನು ಬುಡಸಮೇತ ಎಳೆದುಕೊಂಡು ಹೋಗಿದೆ. ನಾಲ್ಕು ಸಾಲು ಅಡಿಕೆಯ ಆಸೆಗೆ ಮಾಡಿದ ಕೆಲಸದಿಂದ ಆ ಮನೆಯವರಿಗೆ ಬೇಸಿಗೆಯ ನೀರೂ ಹೋಯಿತು, ನೆಲವೂ ಹೋಯಿತು. ಅದನ್ನು ನೋಡಿದಾಗ ಯಾರನ್ನೂ ದೂರುವ ಮನಸ್ಸಾಗಲಿಲ್ಲ, ಹೊಟ್ಟೆ ಉರಿಯಿತು.

ನಿಮ್ಮ ತೋಟವೂ ಕಾಡಿನ ಒಂದು ಭಾಗ ಎಂದು ನಾನು ಹೇಳಿದರೆ ಅದು ಮುಖಸ್ತುತಿಯಲ್ಲ. ಎರಡು ಸಾವಿರ ವರ್ಷಗಳಿಂದ ಅಡಿಕೆ ಬೆಳೆಯುತ್ತಿರುವ ಉತ್ತರ ಕನ್ನಡದ ತೋಟಗಳಲ್ಲಿ ನಡೆದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಅಲ್ಲಿನ ಕಾಡಿನ ಹಕ್ಕಿಗಳಲ್ಲಿ ಸುಮಾರು ಶೇ 90ರಷ್ಟು ಜಾತಿಗಳು ಅಡಿಕೆಯ ಸೀಮೆಯಲ್ಲೂ ಬದುಕಿಕೊಂಡಿವೆ ಎಂದು ಅದು ಕಂಡುಕೊಂಡಿತು. ಕಾರಣವೆಂದರೆ ತೋಟಕ್ಕೆ ಅಂಟಿಕೊಂಡ ಸೊಪ್ಪಿನಬೆಟ್ಟ. ಕರ್ನಾಟಕದ ಘಟ್ಟಸೀಮೆಯ ಕಾಫಿ, ಅಡಿಕೆ, ರಬ್ಬರ್ ತೋಟಗಳಲ್ಲಿ ನಡೆದ ಮತ್ತೊಂದು ಅಧ್ಯಯನದಲ್ಲಿ ಇನ್ನೂರಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ಸಿಕ್ಕವು. ಹೆಚ್ಚು ಬಗೆಯವು ಇದ್ದದ್ದು ನೆರಳಿನ ಕಾಫಿ ತೋಟಗಳಲ್ಲಿ. ಮಂಗಟ್ಟೆ ಹಕ್ಕಿಗೆ ನಿಮ್ಮ ತೋಟದ ಅತ್ತಿ, ಬಸರಿ ಮರ ಬೇಕು. ಅದು ತಿಂದು ಹಾಕಿದ ಬೀಜದಿಂದ ಕಾಡಿನ ಮರ ಹುಟ್ಟಬೇಕು. ನಮ್ಮ ಸೀಮೆಯ ಕಾಳಿಂಗ ಸರ್ಪ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಪ್ರತ್ಯೇಕ ಜಾತಿ ಎಂದು 2024ರಲ್ಲಿ ವಿಜ್ಞಾನಿಗಳು ಗುರುತಿಸಿ, ಅದಕ್ಕೆ ಕಾಳಿಂಗ ಎಂಬ ಹೆಸರನ್ನೇ ಇಟ್ಟರು. ಅದು ಓಡಾಡುವುದೂ ತೋಟ, ಹಾಡ್ಯ, ಹಳ್ಳದ ದಂಡೆಗಳಲ್ಲೇ. ಅದನ್ನು ಕೊಲ್ಲದೆ ದಾರಿ ಬಿಟ್ಟುಕೊಂಡು ಬಂದವರು ನೀವು. ಶೃಂಗೇರಿಯ ತುಂಗೆಯಲ್ಲಿ ದೇವರ ಮೀನುಗಳನ್ನು ಯಾರೂ ಮುಟ್ಟುವುದಿಲ್ಲ. ಆದರೆ ಆ ಮೀನು ಬದುಕುವ ನೀರು ಬರುವುದು ಮೇಲಿನ ಕೆರೆಕಟ್ಟೆ, ನೆಮ್ಮಾರುಗಳಿಂದ, ಅಲ್ಲಿನ ನೂರಾರು ತೋಟಗಳ ಹಳ್ಳಗಳಿಂದ.

ಆನೆಯ ವಿಷಯ ಬಿಟ್ಟು ಈ ಪತ್ರ ಬರೆದರೆ ಅದು ಅಪ್ರಾಮಾಣಿಕತೆ. ಬಾಳೆಹೊನ್ನೂರು, ನರಸಿಂಹರಾಜಪುರದ ಸುತ್ತ, ಶೃಂಗೇರಿಯ ಕೆರೆಕಟ್ಟೆ ಕಡೆ ಕಾಡಾನೆಯ ತುಳಿತಕ್ಕೆ ಸಿಕ್ಕಿ ಜನ ಸತ್ತಿದ್ದಾರೆ. ಬೆಳಿಗ್ಗೆ ತೋಟಕ್ಕೆ ಹೋದವರು ಮನೆಗೆ ಮರಳದೆ ಇದ್ದಾಗ ಆ ಮನೆಗೆ ಯಾವ ಪರಿಹಾರವೂ ಸಾಲದು. ಆನೆ ಏಕೆ ಬರುತ್ತಿದೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಭದ್ರಾ ಅಣೆಕಟ್ಟೆಯ ಹಿನ್ನೀರಿನಲ್ಲಿ ನರಸಿಂಹರಾಜಪುರ ಕಡೆಯ ಊರು, ಗದ್ದೆಗಳ ಜೊತೆ ನದಿಕೊಳ್ಳದ ಹಸಿರು ತಗ್ಗುಗಳೂ ಮುಳುಗಿದವು. ಒಂದು ಕಾಡಿನಿಂದ ಇನ್ನೊಂದಕ್ಕೆ ಹೋಗುವ ದಾರಿಗಳಲ್ಲಿ ರಸ್ತೆ, ಬೇಲಿ, ಕಟ್ಟಡ ಬಂದವು. ತೋಟದಲ್ಲಿ ಬಾಳೆ, ಬಗನಿ, ಹಲಸು ಕೈಗೆಟಕುತ್ತವೆ. ಇಲಾಖೆ ಆನೆಯ ಜಾಡು ಹಿಡಿದು ಮೊದಲೇ ಎಚ್ಚರಿಕೆ ಕೊಡಬೇಕು, ಬೇಲಿ ಹಾಕಿ ಮರೆಯದೆ ದುರಸ್ತಿ ಮಾಡಬೇಕು, ಪರಿಹಾರಕ್ಕೆ ಅಲೆಸಬಾರದು ಎಂಬ ನಿಮ್ಮ ಬೇಡಿಕೆಗೆ ನನ್ನ ಪೂರ್ಣ ಬೆಂಬಲವಿದೆ. ಇಷ್ಟೆಲ್ಲ ನೋವಿನ ನಡುವೆಯೂ ನಿಮ್ಮಲ್ಲಿ ಬಹುಮಂದಿ ಆನೆಗೆ ಕೇಡು ಬಯಸಿಲ್ಲ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನೀವು ಕೇಳಬಹುದಾದ ಎರಡು ಪ್ರಶ್ನೆಗಳಿಗೆ ಉತ್ತರ ಕೊಡುವುದು ನನ್ನ ಕರ್ತವ್ಯ. ಹೊಗೆ ಉಗುಳಿದವರು ಯಾರೋ, ನಾವೇಕೆ ಹೊಣೆ ಹೊರಬೇಕು ಎಂಬುದು ಮೊದಲನೆಯದು. ನಿಜ, ವಾತಾವರಣಕ್ಕೆ ಸೇರಿದ ಇಂಗಾಲದಲ್ಲಿ ಕಿಗ್ಗದ ಅಥವಾ ಮುತ್ತಿನಕೊಪ್ಪದ ರೈತನ ಪಾಲು ಲೆಕ್ಕಕ್ಕೂ ಸಿಗದಷ್ಟು ಸಣ್ಣದು. ದೊಡ್ಡ ದೇಶಗಳು, ದೊಡ್ಡ ನಗರಗಳು ಆ ಹೊಣೆ ಹೊರಲೇಬೇಕು, ಅದಕ್ಕಾಗಿ ನಾವು ದನಿ ಎತ್ತುತ್ತಲೇ ಇರಬೇಕು. 2024 ಇದುವರೆಗೆ ದಾಖಲಾದ ವರ್ಷಗಳಲ್ಲೇ ಅತಿ ಬಿಸಿಯ ವರ್ಷ. ಕಾರ್ಖಾನೆ ಯುಗಕ್ಕೆ ಮುಂಚಿನ ಸರಾಸರಿಗಿಂತ ಒಂದೂವರೆ ಡಿಗ್ರಿ ದಾಟಿದ ಮೊದಲ ವರ್ಷ. ಹೊಗೆ ಉಗುಳಿದವರು ಸರಿಹೋಗುವವರೆಗೆ ಮಳೆ ಕಾಯುವುದಿಲ್ಲ. ಹಳ್ಳದ ದಂಡೆ ಉಳಿಸಿದರೆ ಅದರ ಲಾಭ ದೂರದ ದೇಶಕ್ಕೆ ಹೋಗುವುದಿಲ್ಲ, ನಿಮ್ಮ ಬಾವಿಗೇ ಬರುತ್ತದೆ.

ಎರಡನೆಯದು, ಇಂದು ದಂಡೆಗೆ ಮರ ಬಿಟ್ಟರೆ ನಾಳೆ ಅದನ್ನೇ ಕಾಡೆಂದು ಇಲಾಖೆ ಕಿತ್ತುಕೊಳ್ಳುವುದಿಲ್ಲವೇ ಎಂಬ ಭಯ. ಈ ಭಯ ಸುಳ್ಳೆಂದು ನಾನು ಹೇಳಲಾರೆ. ಮರ ಉಳಿಸಿದವರಿಗೇ ಶಿಕ್ಷೆ, ಕಡಿದವರಿಗೆ ನೆಮ್ಮದಿ ಎಂಬ ಸ್ಥಿತಿ ಕಾಡಿಗೂ ಕೆಟ್ಟದ್ದು, ನ್ಯಾಯಕ್ಕೂ ಕೆಟ್ಟದ್ದು. 2024ರ ಜುಲೈ ಕೊನೆಗೆ ಕಸ್ತೂರಿರಂಗನ್ ವರದಿಯ ಮೇಲೆ ಕೇಂದ್ರ ಹೊರಡಿಸಿದ ಆರನೆಯ ಕರಡು ಅಧಿಸೂಚನೆಯನ್ನೂ ರಾಜ್ಯ ಸಚಿವ ಸಂಪುಟ ಒಪ್ಪಲಿಲ್ಲ. ಆ ಗೆರೆಗಳ ಜಗಳ ಎಂದು ಮುಗಿಯುತ್ತದೋ ಕಾದು ನೋಡೋಣ. ಆದರೆ ಜಗಳ ಮುಗಿಯುವ ಹೊತ್ತಿಗೆ ಹಳ್ಳಗಳೇ ಇಲ್ಲವಾದರೆ ಗೆದ್ದವರಿಗೂ ಉಳಿಯುವುದು ಒಣ ತೋಟ. ಕುದುರೆಮುಖದಲ್ಲಿ ಗಣಿಯ ಹೂಳು ಭದ್ರೆಗೆ ಸೇರುತ್ತಿದ್ದಾಗ ಈ ಸೀಮೆಯ ಜನ ಸುಮ್ಮನೆ ಕೂರಲಿಲ್ಲ. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, 2005ರ ಕೊನೆಗೆ ಗಣಿ ನಿಂತಿತು. ನೀರಿಗಾಗಿ ನಿಲ್ಲುವುದು ನಮಗೆ ಹೊಸದಲ್ಲ. ಆಗ ಎದುರಿಗೆ ಒಂದು ದೊಡ್ಡ ಗಣಿಯಿತ್ತು. ಈಗ ನಮ್ಮ ನಮ್ಮ ಬೇಲಿಯೊಳಗಿನ ಸಾವಿರಾರು ಸಣ್ಣ ಕೆಲಸಗಳಿವೆ.

ಆದ್ದರಿಂದ ನನ್ನ ಬೇಡಿಕೆಗಳನ್ನು ಒಂದೊಂದಾಗಿ ನಿಮ್ಮ ಮುಂದಿಡುತ್ತೇನೆ.

ಮೊದಲನೆಯದಾಗಿ, ಹಳ್ಳದ ಎರಡೂ ಬದಿ ಕನಿಷ್ಠ ಎರಡು ಸಾಲು ಅಡಿಕೆ ಹಿಡಿಸುವಷ್ಟು ಅಗಲದ ದಂಡೆಯನ್ನು ಅದರ ಪಾಡಿಗೆ ಬಿಡಿ. ಅಲ್ಲಿ ತಾನಾಗಿ ಹುಟ್ಟಿದ ಮರಗಿಡ ಕಡಿಯಬೇಡಿ. ಹಳ್ಳವನ್ನು ನೇರ ಮಾಡಿಸಬೇಡಿ. ದಂಡೆ ಕುಸಿಯುತ್ತಿದ್ದರೆ ಮುಂಡುಗ, ವಾಟೆ, ಹೊಳೆಮತ್ತಿ ನೆಡಿ.

ಎರಡನೆಯದಾಗಿ, ಔಷಧಿ ಹೊಡೆದ ಡ್ರಮ್, ಪೈಪು, ಗನ್ನುಗಳನ್ನು ಹಳ್ಳದಲ್ಲಿ ತೊಳೆಯಬೇಡಿ. ಬೋರ್ಡೋ ಹೊಡೆಯಬೇಡಿ ಎಂದು ನಾನು ಹೇಳುತ್ತಿಲ್ಲ, ಅದಿಲ್ಲದೆ ಬೆಳೆ ಉಳಿಯದು. ಆದರೆ ಅದರ ತಾಮ್ರ ನೀರಿಗೆ ಸೇರಿದರೆ ಮೀನುಮರಿ, ಗೊದಮೊಟ್ಟೆಗಳಿಗೆ ವಿಷ. ತೊಳೆದ ನೀರನ್ನು ತೋಟದ ಒಳಗೇ ಚೆಲ್ಲಿ. ದಂಡೆಯಲ್ಲಿ ಕಳೆನಾಶಕ ಬೇಡ, ಕತ್ತಿಯಲ್ಲಿ ಸವರಿದರೆ ಸಾಕು. ತೋಟೆ ಹಾಕಿ, ವಿಷ ಬೆರೆಸಿ ಮೀನು ಹಿಡಿಯುವವರನ್ನು ಊರವರೇ ತಡೆಯಿರಿ.

ಮೂರನೆಯದಾಗಿ, ಸೊಪ್ಪಿನಬೆಟ್ಟವನ್ನು ಬೆಟ್ಟವಾಗಿಯೇ ಇರಿಸಿ. ಸರದಿಯ ಮೇಲೆ ಸೊಪ್ಪು ಕಡಿದು, ಕಡಿದ ಭಾಗಕ್ಕೆ ಕೆಲವು ವರ್ಷ ಬಿಡುವು ಕೊಡುವ ಹಳೆಯ ಪದ್ಧತಿಯನ್ನು ಮತ್ತೆ ಹಿಡಿಯಿರಿ. ಬೆಂಕಿ ಬೀಳದಂತೆ ಜನವರಿಗೇ ಅಂಚು ಸವರಿ. ದರಗನ್ನು ಪೂರ್ತಿ ಗುಡಿಸಿ ತರಬೇಡಿ. ಖಾಲಿ ಬಿದ್ದ ಕಡೆ ಅಕೇಶಿಯಾ ಹಾಕುವ ಬದಲು ಹೆಬ್ಬಲಸು, ನಂದಿ, ಧೂಪದ ಸಸಿ ಬರಲು ಬಿಡಿ.

ನಾಲ್ಕನೆಯದಾಗಿ, ಕಾಫಿ ಬೆಳೆಗಾರರೇ, ನೆರಳಿನ ಮರಗಳನ್ನೆಲ್ಲ ತೆಗೆದು ಸಿಲ್ವರ್ ಓಕ್ ಒಂದನ್ನೇ ನಿಲ್ಲಿಸಬೇಡಿ. ಅತ್ತಿ, ಬಸರಿ, ಹಲಸು, ನೇರಳೆ ಇರಲಿ. ಬಾಳೆಹೊನ್ನೂರಿನ ಬಳಿ 1925ರಲ್ಲೇ ಕಾಫಿ ಸಂಶೋಧನೆ ಆರಂಭವಾದ ಸೀಮೆ ನಮ್ಮದು. ಸುಡುವ ಬೇಸಿಗೆಗಳಲ್ಲಿ ಗಿಡಕ್ಕೆ ಯಾವ ನೆರಳು ಎಷ್ಟು ಬೇಕೆಂದು ಅಲ್ಲಿನ ವಿಜ್ಞಾನಿಗಳನ್ನು ಕೇಳಿ, ಸ್ಥಳೀಯ ಮರಗಳ ಬಗ್ಗೆ ಉತ್ತರ ಕೊಡಿ ಎಂದು ಒತ್ತಾಯಿಸಿ.

ಐದನೆಯದಾಗಿ, ತಗ್ಗಿನ ಗದ್ದೆಗಳಲ್ಲಿ ಒಂದು ತುಂಡನ್ನಾದರೂ ಗದ್ದೆಯಾಗಿ ಉಳಿಸಿ. ಭತ್ತ ಗಿಟ್ಟುವುದಿಲ್ಲ, ಆಳಿಲ್ಲ ಎಂಬುದು ಸತ್ಯ. ನಾಟಿ ಮಾಡಲಾಗದಿದ್ದರೆ ಅಂಚು ಒಡೆಯದೆ ಮಳೆಗಾಲದಲ್ಲಿ ನೀರು ನಿಲ್ಲಿಸಿ. ಅಡಿಕೆ ನೆಟ್ಟರೆ ಕಪ್ಪು (ಬಸಿಗಾಲುವೆ) ತೋಡಿ ನೀರನ್ನು ಹೊರಗೆ ಓಡಿಸಲೇಬೇಕಾಗುತ್ತದೆ. ಆ ನೀರು ಮತ್ತೆ ನಿಮ್ಮ ಬಾವಿಗೆ ಬರುವುದಿಲ್ಲ.

ಆರನೆಯದಾಗಿ, ನೇರ ಕರೆಂಟ್ ಹರಿಸಿದ ತಂತಿ ಮತ್ತು ಉರುಳು ಬೇಡ. ಅದಕ್ಕೆ ಸಿಗುವುದು ಆನೆ, ಕಾಟಿ ಮಾತ್ರವಲ್ಲ. ಕೆಲಸಕ್ಕೆ ಬಂದವರೂ ಮನೆಯ ಮಕ್ಕಳೂ ಸಿಗುತ್ತಾರೆ. ಹಾಗೆಯೇ ಕಾಡಂಚಿನಲ್ಲಿ ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ನಮ್ಮ ತಾಲ್ಲೂಕುಗಳಿಗೂ ಬಂದು ಜೀವ ತೆಗೆದಿದೆ. ಅದನ್ನು ಹರಡುವ ಉಣುಗು ಹೆಚ್ಚಿರುವ ಬೇಸಿಗೆಯಲ್ಲಿ ದರಗು ತರಲು ಹೋಗುವವರು ಮೈಗೆ ಡೇಪಾ ಎಣ್ಣೆ ಹಚ್ಚದೆ ಹೋಗಬೇಡಿ.

ಏಳನೆಯದು ನನ್ನ ಮನಸ್ಸಿಗೆ ಬಹಳ ಹತ್ತಿರದ ಬೇಡಿಕೆ. ನಿಮ್ಮಲ್ಲಿ ಅನೇಕರ ಮನೆಯಲ್ಲಿ ಮಳೆ ಅಳೆಯುವ ಮಾಪಕವಿದೆ. ಇಂದು ಎರಡು ಇಂಚು, ನಿನ್ನೆ 40 ಸೆಂಟ್ ಎಂದು ಡೈರಿಯಲ್ಲಿ ಬರೆದಿಡುತ್ತೀರಿ. ಅಜ್ಜ ಬರೆದ ಡೈರಿಗಳೂ ಅಟ್ಟದ ಮೇಲೆ ಗೆದ್ದಲು ಹಿಡಿಯುತ್ತ ಬಿದ್ದಿವೆ. ದಯವಿಟ್ಟು ಅವನ್ನು ಕೆಳಗಿಳಿಸಿ. ಮೊಬೈಲಿನಲ್ಲಿ ಒಂದೊಂದು ಪುಟದ ಫೋಟೊ ತೆಗೆದಿಡಿ, ಹತ್ತಿರದ ಶಾಲೆಯ ಮೇಷ್ಟ್ರಿಗೆ ಕೊಡಿ, ಮಕ್ಕಳು ಅದರಿಂದ ಲೆಕ್ಕ ಹಾಕಿ ಪಟ್ಟಿ ಮಾಡಲಿ. ಗುಡ್ಡದ ಈ ಮಗ್ಗುಲಿಗೂ ಆ ಮಗ್ಗುಲಿಗೂ ಮಳೆಯಲ್ಲಿ ಅಜಗಜಾಂತರವಿರುವ ನಾಡು ನಮ್ಮದು. ಪಂಚಾಯಿತಿಗೊಂದು ಯಂತ್ರ ಇಟ್ಟು ಅಳೆದ ಲೆಕ್ಕದ ಮೇಲೆ ಹವಾಮಾನ ಆಧಾರಿತ ಬೆಳೆ ವಿಮೆ ತೀರ್ಮಾನವಾಗುತ್ತದೆ. ಆ ಯಂತ್ರ ಕೆಟ್ಟರೆ, ಅಥವಾ ಅದಿರುವ ಜಾಗದಲ್ಲಿ ಮಳೆ ಬೇರೆಯಾಗಿದ್ದರೆ, ನಿಮ್ಮ ಪರ ಮಾತಾಡಲು ಆ ಡೈರಿಯಲ್ಲದೆ ಬೇರೆ ಸಾಕ್ಷಿ ಎಲ್ಲಿದೆ? ಮಲೆನಾಡಿನ ಮಳೆ ಹೇಗೆ ಬದಲಾಯಿತೆಂದು ವಿಜ್ಞಾನಕ್ಕೆ ಹೇಳಬಲ್ಲ ಬರಹವೂ ಅದೇ.

ಇಷ್ಟೆಲ್ಲ ನಿಮ್ಮಿಂದ ಕೇಳಿದ ಮೇಲೆ ನಿಮ್ಮ ಪರವಾಗಿ ಸರ್ಕಾರಕ್ಕೂ ಎರಡು ಮಾತು ಹೇಳಲೇಬೇಕು. ದಂಡೆ, ಸೊಪ್ಪಿನಬೆಟ್ಟ, ಗದ್ದೆ ಉಳಿಸಿದ ಕುಟುಂಬಕ್ಕೆ ವರ್ಷವರ್ಷವೂ ಪ್ರೋತ್ಸಾಹಧನ ಕೊಡಿ. ತುಂಗೆ, ಭದ್ರೆಯ ನೀರು ಕುಡಿಯುವ, ಅದರಿಂದ ಭತ್ತ ಬೆಳೆಯುವ ಬಯಲುಸೀಮೆಯ ಲಕ್ಷಾಂತರ ಜನರ ಪರವಾಗಿ ಅದು ಸಲ್ಲಬೇಕಾದ ಋಣ. ಸ್ವಂತ ಹಿಡುವಳಿಯಲ್ಲಿ ಮರ ಬೆಳೆಸಿದ ಕಾರಣಕ್ಕೆ ಯಾರ ಹಕ್ಕೂ ಹೋಗದು ಎಂದು ಬರಹದಲ್ಲಿ ಭರವಸೆ ಕೊಡಿ. ಈ ಎರಡಕ್ಕಾಗಿ ನೀವು ಗ್ರಾಮಸಭೆಯಲ್ಲಿ ನಿರ್ಣಯ ಮಾಡುವುದಾದರೆ, ಅದಕ್ಕೆ ಬೇಕಾದ ವಿವರ ಒದಗಿಸಿ ಬರೆದುಕೊಡಲು ನಾನು ಮುಂದೆ ಇರುತ್ತೇನೆ.

ಸೆರಗೊಡ್ಡಿ ಕೇಳುವುದಿಷ್ಟೇ: ಈ ಬೇಸಿಗೆಯಲ್ಲಿ ಹಳ್ಳಕ್ಕೆ ಯಂತ್ರ ಇಳಿಸುವ ಮುನ್ನ ಒಂದು ದಿನ ಮಕ್ಕಳನ್ನು ಕರೆದುಕೊಂಡು ಅದರ ದಂಡೆಯುದ್ದಕ್ಕೂ ನಡೆಯಿರಿ. ಯಾವ ಮರ ಎಲ್ಲಿದೆ, ಎಲ್ಲಿ ನೀರು ಒಸರುತ್ತದೆ, ಎಲ್ಲಿ ದಂಡೆ ಕುಸಿದಿದೆ ಎಂದು ಬರೆದುಕೊಳ್ಳಿ. ಕರೆದರೆ ನಾನೂ ಬರುತ್ತೇನೆ. ಆಮೇಲೆ ಜಗಲಿಯಲ್ಲಿ ಕೂತು ತೀರ್ಮಾನಿಸಿ. ನಿಮ್ಮ ತೀರ್ಮಾನ ಏನೇ ಆದರೂ ಅದಕ್ಕೆ ನಾನು ಗೌರವ ಕೊಡುತ್ತೇನೆ. ಆದರೆ ಅದು ಹಳ್ಳವನ್ನು ನೋಡಿ ಮಾಡಿದ ತೀರ್ಮಾನವಾಗಿರಲಿ ಎಂಬುದೇ ನನ್ನ ಕಳಕಳಿಯ ಪ್ರಾರ್ಥನೆ.



ಇಂತಿ ತಮ್ಮ ವಿಶ್ವಾಸಿ,
ಕೊಪ್ಪ ತಾಲ್ಲೂಕಿನ ಬೆಳೆಗಾರರೊಬ್ಬರ ಮಗಳು,
ಪರಿಸರ ವಿಜ್ಞಾನದ ಸಂಶೋಧನಾ ವಿದ್ಯಾರ್ಥಿನಿ